ಮೊದಲು ಮಾಸ್ಕ್, ಆಮೇಲೆ ಯೋಚನೆ

ಕಲ್ಲುಗುಂಡಿಯಲ್ಲಿ ಮಡಿಕೇರಿ ಬಸ್ಸು ಹತ್ತಿದರೆ ಸಂಪಾಜೆ ಘಾಟಿಯ ಅರ್ಧ ದಾರಿಯಲ್ಲಿ ಕಿವಿ ಗುಂಯ್ ಎಂದು ಮುಚ್ಚಿಕೊಳ್ಳುತ್ತದೆ. ಎಂಜಲು ನುಂಗಿದರೆ ಟಪ್ ಎಂದು ತೆರೆಯುತ್ತದೆ. ಚಿಕ್ಕಂದಿನಲ್ಲಿ ನಮಗದು ಆಟ. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತಿದೆ ಎಂದು ದೇಹ ಕೊಡುವ ಸೂಚನೆ ಅದು ಎಂಬುದು ಅರ್ಥವಾದದ್ದು ಆಮೇಲೆ.

ನಾನಿನ್ನೂ ವಿಮಾನ ಹತ್ತಿಲ್ಲ. ಆದರೆ ಮುಂದಿನ ತಿಂಗಳು ಚಿಕ್ಕಮ್ಮ ಎರಡು ವರ್ಷದ ಮಗುವಿನೊಂದಿಗೆ ಮಂಗಳೂರಿನಿಂದ ದುಬೈಗೆ ಹೊರಟಿದ್ದಾರೆ. "ಮಾಸ್ಕ್ ಬಿದ್ದರೆ ಮೊದಲು ಮಗುವಿಗೇ ಹಾಕುವುದು ಮಾರಾಯಾ" ಎಂದರು. ಅಲ್ಲಿಂದ ನನ್ನ ಓದು ಶುರುವಾಯಿತು.

35,000 ಅಡಿ ಎತ್ತರದಲ್ಲಿ ಹೊರಗಿನ ಒತ್ತಡ ಸಮುದ್ರಮಟ್ಟದ ಕಾಲುಭಾಗ ಮಾತ್ರ. ಹಾಗಾಗಿ ಹೆಚ್ಚಿನ ವಿಮಾನಗಳಲ್ಲಿ ಎಂಜಿನ್‌ನಿಂದ ತೆಗೆದ ಗಾಳಿಯನ್ನು ಒಳಗೆ ತುಂಬಿ, ಹೆಚ್ಚೆಂದರೆ 8,000 ಅಡಿ ಎತ್ತರದ ಜಾಗದಲ್ಲಿರುವಷ್ಟು ಒತ್ತಡ ಕಾಯ್ದುಕೊಳ್ಳುತ್ತಾರೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,330 ಅಡಿ, ಅದಕ್ಕಿಂತ ತುಸು ಮೇಲೆ ಕುಳಿತಂತೆ. ಈ 'ಕ್ಯಾಬಿನ್ ಎತ್ತರ' 10,000 ಅಡಿ ದಾಟಿದರೆ ಬೋಯಿಂಗ್ 737ರ ಕಾಕ್‌ಪಿಟ್‌ನಲ್ಲಿ ಹಾರ್ನ್ ಮೊಳಗುತ್ತದೆ. 14,000 ಅಡಿಯ ಆಸುಪಾಸಿನಲ್ಲಿ ಪ್ರಯಾಣಿಕರ ಮಾಸ್ಕ್‌ಗಳು ಕೆಳಗೆ ಬೀಳುತ್ತವೆ.

2005ರ ಆಗಸ್ಟ್ 14ರಂದು ಸೈಪ್ರಸ್‌ನಿಂದ ಅಥೆನ್ಸ್‌ಗೆ ಹೊರಟ ಹೀಲಿಯೊಸ್ ಸಂಸ್ಥೆಯ ವಿಮಾನದಲ್ಲಿ ಈ ಹಾರ್ನ್ ಸರಿಯಾಗಿಯೇ ಕೂಗಿತು. ಒತ್ತಡ ನಿಯಂತ್ರಿಸುವ ಸ್ವಿಚ್ ತಪಾಸಣೆಯ ನಂತರ 'ಮ್ಯಾನ್ಯುವಲ್'ನಲ್ಲೇ ಉಳಿದಿತ್ತು, ಪೈಲಟ್‌ಗಳ ಕಣ್ಣಿಗೂ ಬೀಳಲಿಲ್ಲ. ಆ ಮಾದರಿಯಲ್ಲಿ ಟೇಕಾಫ್ ಸಿದ್ಧತೆ ತಪ್ಪಿದ್ದರೆ ಬರುವ ಎಚ್ಚರಿಕೆಗೂ ಅದೇ ಸದ್ದು. ಅದು ನೆಲದ ಮೇಲೆ ಮಾತ್ರ ಬರುವಂಥದ್ದು. ಆದರೂ ಪೈಲಟ್‌ಗಳು ಇದು ಅದೇ ಎಂದುಕೊಂಡು, ಕಂಪನಿಯ ಜೊತೆ ರೇಡಿಯೊದಲ್ಲಿ ಮಾತಾಡುತ್ತಾ ಮೇಲೇರುತ್ತಲೇ ಹೋದರು. ಮಾಸ್ಕ್ ಹಾಕಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ತಪ್ಪಿತು. ಇಂಧನ ಮುಗಿಯುವವರೆಗೆ ಹಾರಿದ ವಿಮಾನ ಬೆಟ್ಟಕ್ಕೆ ಬಿತ್ತು. 121 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಅವರು ದಡ್ಡರಾಗಿರಲಿಲ್ಲ. ಆಮ್ಲಜನಕ ಕಡಿಮೆಯಾದಾಗ ಮೊದಲು ಹೋಗುವುದು ವಿವೇಚನೆ. ಹೋಗಿದೆ ಎಂಬುದೂ ತಿಳಿಯುವುದಿಲ್ಲ. ಕುಡಿದವನಿಗೆ ತಾನು ಸರಿಯಾಗೇ ಇದ್ದೇನೆ ಅನ್ನಿಸುವ ಹಾಗೆ. ಅದಕ್ಕೇ ಪೈಲಟ್‌ಗಳ ಪಾಠದಲ್ಲಿ ಕ್ರಮ ಖಚಿತ: ಹಾರ್ನ್ ಕೇಳಿದೊಡನೆ ಮೊದಲು ಮಾಸ್ಕ್. ನಂತರ ಇಬ್ಬರೂ ಮೈಕ್‌ನಲ್ಲಿ ಮಾತಾಡಿ ಖಚಿತಪಡಿಸಿಕೊಳ್ಳುವುದು. ಆಮೇಲೆ ಒತ್ತಡದ ಸ್ವಿಚ್‌ಗಳ ಪರಿಶೀಲನೆ. ಹತೋಟಿಗೆ ಬರದಿದ್ದರೆ ವೇಗವಾಗಿ 10,000 ಅಡಿಗೆ, ಕೆಳಗೆ ಬೆಟ್ಟಗಳಿದ್ದರೆ ಅಲ್ಲಿನ ಸುರಕ್ಷಿತ ಎತ್ತರಕ್ಕೆ ಇಳಿಯುವುದು. ಕಾರಣ ಹುಡುಕುವುದು ಮಾಸ್ಕ್ ಹಾಕಿದ ಮೇಲಿನ ಕೆಲಸ.

ಇದು ದೂರದ ದೇಶದ ಕಥೆಯಲ್ಲ. 2018ರ ಸೆಪ್ಟೆಂಬರ್ 20ರಂದು ಮುಂಬೈಯಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ, ಎಂಜಿನ್‌ನ ಗಾಳಿಯನ್ನು ಒಳಬಿಡುವ ಸ್ವಿಚ್ ಹಾಕುವುದನ್ನೇ ಮರೆತಿದ್ದರು. ಹಲವು ಪ್ರಯಾಣಿಕರ ಮೂಗು, ಕಿವಿಯಿಂದ ರಕ್ತ ಬಂತು. ವಿಮಾನ ಮುಂಬೈಗೆ ಮರಳಿ ಸುರಕ್ಷಿತವಾಗಿ ಇಳಿಯಿತು.

ಎಚ್ಚರಿಕೆಗೆ ಓಗೊಡದಿದ್ದರೆ ಏನಾಗುತ್ತದೆ ಎಂದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. 2010ರ ಮೇ 22ರ ಮಂಗಳೂರು ದುರಂತ ಒತ್ತಡದ ಪ್ರಕರಣವಲ್ಲ. ಆದರೆ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು, ಯಂತ್ರವೂ ಎಚ್ಚರಿಸಿತ್ತು ಎಂದು ತನಿಖೆ ಹೇಳಿತು. 158 ಜೀವಗಳು ಹೋದವು.

ನಾಳೆ ಎಂಜಿನಿಯರ್‌ಗಳಾಗುವ ನಮಗೂ ಇದರಲ್ಲಿ ಪಾಠವಿದೆ. ಎರಡು ಬೇರೆ ಅಪಾಯಗಳಿಗೆ ಒಂದೇ ಸದ್ದು ಇಟ್ಟದ್ದು ವಿನ್ಯಾಸದ ತಪ್ಪು. ಹೀಲಿಯೊಸ್ ದುರಂತದ ನಂತರ 737 ವಿಮಾನಗಳಿಗೆ ಎರಡನ್ನೂ ಬೇರ್ಪಡಿಸಿ ತೋರಿಸುವ ದೀಪಗಳು ಬಂದವು. ಅದಕ್ಕೆ 121 ಜೀವ ಬೇಕಾಯಿತಲ್ಲ ಎಂಬುದೇ ಬೇಸರ.

ಚಿಕ್ಕಮ್ಮನಿಗೆ ಇಷ್ಟೆಲ್ಲ ಹೇಳಲಿಲ್ಲ. "35,000 ಅಡಿಯಲ್ಲಿ ಒತ್ತಡ ಪೂರ್ತಿ ಹೋದರೆ ಬುದ್ಧಿ ನೆಟ್ಟಗಿರುವುದು ಅರ್ಧದಿಂದ ಒಂದು ನಿಮಿಷ. ಮಗು ಹಟ ಮಾಡಿದರೆ ಆ ಹೊತ್ತು ಅಲ್ಲೇ ಮುಗಿಯುತ್ತದೆ. ನೀವು ಒರಗಿದರೆ ಮಗು ನಿಮಗೆ ಹಾಕುತ್ತದಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮೊದಲು ನನಗೆ" ಎಂದರು. ಗಗನಸಖಿ ಮಾಸ್ಕ್ ತೋರಿಸುವಾಗ ಮೊಬೈಲ್ ನೋಡುವುದಿಲ್ಲ ಎಂದೂ ಮಾತು ಕೊಟ್ಟಿದ್ದಾರೆ.