ಸೈರನ್ ಹಾಕಿದ್ರೆ ಎಷ್ಟು ಸೆಕೆಂಡ್ ಉಳಿಯುತ್ತೆ?

ಸೈರನ್ ಕೇಳಿಸಿದ ಕೂಡಲೇ ನಾವೆಲ್ಲ ಅಂದ್ಕೊಳ್ಳೋದು ಒಂದೇ: ಆಂಬ್ಯುಲೆನ್ಸ್ ಬೇಗ ತಲುಪುತ್ತೆ. ಎಷ್ಟು ಬೇಗ? ಅಮೆರಿಕದ ಗ್ರೀನ್‌ವಿಲ್ ಊರಲ್ಲಿ ಇದನ್ನು ಅಳೆದೇ ನೋಡಿದ್ದಾರೆ. ಸೈರನ್ ಹಾಕಿ ಆಸ್ಪತ್ರೆಗೆ ಹೋದ ಅದೇ ದಾರಿಯಲ್ಲಿ, ವಾರದ ಅದೇ ದಿನ, ಅದೇ ಹೊತ್ತಿಗೆ ಸೈರನ್ ಇಲ್ಲದೆ ಇನ್ನೊಮ್ಮೆ ಓಡಿಸಿದರು. 1995ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಉಳಿದದ್ದು ಸರಾಸರಿ 43.5 ಸೆಕೆಂಡ್.

ಉಸಿರು ನಿಂತವರಿಗೆ ಅಷ್ಟೂ ದೊಡ್ಡದೇ. ಆದರೆ ಕೈ ಮುರಿದವರಿಗೆ?

ಯಾಕೆ ಕೇಳ್ತೀವಿ ಅಂದ್ರೆ, ಆ ಸೆಕೆಂಡುಗಳು ಪುಕ್ಕಟೆ ಸಿಗಲ್ಲ. 2019ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ರೋಗಿಯನ್ನು ಸಾಗಿಸುವಾಗ ಲಕ್ಷ ಟ್ರಿಪ್‌ಗೆ ಸೈರನ್ ಇಲ್ಲದಿದ್ದರೆ 7 ಅಪಘಾತ, ಇದ್ದರೆ 17.1. ಶಬ್ದಕ್ಕೂ ಮಿತಿ ಇದೆ. ಬಯಲಲ್ಲಿ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತೆ (ಫಿಸಿಕ್ಸ್ ಲ್ಯಾಬ್ ನೆನಪಿದೆಯಾ?). ಗ್ಲಾಸ್ ಏರಿಸಿ ಹಾಡು ಹಾಕ್ಕೊಂಡವರಿಗೆ ಅದು ಕೇಳಿಸೋದೇ ತಡವಾಗಿ. ಕೆಂಪು ಸಿಗ್ನಲ್ ದಾಟುವ ಆಂಬ್ಯುಲೆನ್ಸ್ ಅಷ್ಟರಲ್ಲಿ ಎದುರಿಗೇ ಬಂದಿರುತ್ತೆ.

ಗ್ರೀನ್‌ವಿಲ್ ಲೆಕ್ಕವನ್ನು ಹಾಗೇ ತಂದು ಸಿಲ್ಕ್ ಬೋರ್ಡ್‌ಗೆ ಹಚ್ಚೋಕಾಗಲ್ಲ, ನಿಜ. ಇಲ್ಲಿ ಸೈರನ್‌ನಿಂದ ನಿಮಿಷಗಟ್ಟಲೆ ಉಳಿಯಬಹುದು, ಏನೂ ಉಳಿಯದೇನೂ ಇರಬಹುದು. ದಾರಿ ಬಿಡದಿದ್ರೆ ಮೋಟಾರು ವಾಹನ ಕಾಯ್ದೆಯ 194ಇ ಕಲಂ ಪ್ರಕಾರ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಸರಿ, ಆದರೆ ಸರಿಯೋಕೆ ಪಕ್ಕದಲ್ಲಿ ಜಾಗ ಬೇಕಲ್ಲ!

ಇನ್ನು ದಾರಿ ಸಿಕ್ಕಿತು ಅಂತ ಆಂಬ್ಯುಲೆನ್ಸ್ ಬಾಲಕ್ಕೆ ಬೈಕ್ ಅಂಟಿಸ್ಕೊಂಡು ಹೋಗೋರು. ನಮ್ಮಲ್ಲೂ ಇದ್ದಾರೆ, ಒಪ್ಕೊಳ್ಳೋಣ. ಅದು ದಿಢೀರ್ ಬ್ರೇಕ್ ಹಾಕಿದ್ರೆ ನಾವು ಗುದ್ದೋದು ಹಿಂದಿನ ಬಾಗಿಲಿಗೆ. ಅದರಾಚೆ ಒಬ್ಬರು ಸೀಟ್ ಬೆಲ್ಟ್ ಇಲ್ಲದೆ ನಿಂತು, ರೋಗಿಯ ಎದೆ ಒತ್ತುತ್ತಾ ಇರಬಹುದು.