ಬಾಬಿನ್ ಸುತ್ತುವ ಸುಲಭ ಕ್ರಮ

ನಮ್ಮಲ್ಲಿ ಹಲವರ ಮನೆಯಲ್ಲಿ ಹೊಲಿಗೆ ಯಂತ್ರವಿದೆ. ಈದ್ ಹತ್ತಿರ ಬಂದಾಗ ತಡರಾತ್ರಿವರೆಗೆ ಹೊಲಿಯುವ ಅಮ್ಮಿಯಂದಿರನ್ನು ಕೇಳಿ ನೋಡಿ; ಕೆಲಸ ನಿಲ್ಲಿಸುವುದು ಹೆಚ್ಚಾಗಿ ಬಾಬಿನ್. ಸಡಿಲವಾಗಿ ಸುತ್ತಿದರೆ ಬಟ್ಟೆಯ ಅಡಿಯಲ್ಲಿ ದಾರ ಗೋಜಲಾಗುತ್ತದೆ. ತೀರಾ ಬಿಗಿಯಾಗಿ ಸುತ್ತಿದರೆ, ಹಿಗ್ಗಿದ ಪಾಲಿಯೆಸ್ಟರ್ ದಾರ ಹೊಲಿದ ಮೇಲೆ ಕುಗ್ಗಿ ಬಟ್ಟೆ ಸುಕ್ಕುಗಟ್ಟುತ್ತದೆ.

ಮೊದಲು ಯಂತ್ರದ ಗಾಲಿಯ ನಡುವಿನ ತಿರುಪನ್ನು ಸಡಿಲಿಸಿ. ಆಗ ಗಾಲಿ ತಿರುಗಿದರೂ ಸೂಜಿ ಕದಲುವುದಿಲ್ಲ. ದಾರವನ್ನು ಬಿಗಿತದ ಬಿಲ್ಲೆಗಳ ನಡುವೆ ಹಾಯಿಸಿ, ಬಾಬಿನ್‌ಗೆ ಕೈಯಿಂದಲೇ ನಾಲ್ಕಾರು ಸುತ್ತು ಹಾಕಿ. ನಂತರ ಒಂದೇ ವೇಗದಲ್ಲಿ ತುಳಿಯಿರಿ. ದಾರ ಅಂಚು ಮುಟ್ಟುವ ಮುನ್ನ ನಿಲ್ಲಿಸಿ, ತಿರುಪನ್ನು ಮತ್ತೆ ಬಿಗಿ ಮಾಡಿ. ಸುತ್ತುವ ಚಕ್ರ ಜಾರುತ್ತಿದ್ದರೆ ಅದರ ರಬ್ಬರ್ ಉಂಗುರ ಸವೆದಿದೆ ಎಂದರ್ಥ, ಬದಲಿಸಿ.

ಇನ್ನೊಂದು ಉಪಾಯವನ್ನು ನಮ್ಮ ಮೊಳಕಾಲ್ಮೂರಿನ ರೇಷ್ಮೆ ನೇಕಾರರಿಂದ ಕಲಿಯಬಹುದು. ನೇಯುವವರು ಕಂಡಿಕೆಗಾಗಿ ಮಗ್ಗ ನಿಲ್ಲಿಸಿ ಕೂರುವುದಿಲ್ಲ. ಮನೆಯ ಇನ್ನೊಬ್ಬರು ರಾಟೆಯಲ್ಲಿ ಮೊದಲೇ ಸುತ್ತಿಟ್ಟಿರುತ್ತಾರೆ. ಹಾಗೆಯೇ ಬೇಕಾದ ಬಣ್ಣಗಳ ನಾಲ್ಕೈದು ಬಾಬಿನ್ ಮುಂಚಿತವಾಗಿ ಸುತ್ತಿಡಿ. ಓದಿನ ನಡುವೆ ನಿಮ್ಮ ಹತ್ತು ನಿಮಿಷ ಹೋದೀತು. ಅಮ್ಮಿಗೆ ಅಷ್ಟು ನಿದ್ದೆ ಸಿಕ್ಕೀತು.