ಪಿಎಸ್‌ಎ ಪರೀಕ್ಷೆಗೆ ಮುನ್ನ ಎರಡು ದಿನದ ಬಿಡುವು

ಪ್ರಾಸ್ಟೇಟ್ ತಪಾಸಣೆಗೆಂದು ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುವ ಮುನ್ನ 48 ಗಂಟೆ ವೀರ್ಯಸ್ಖಲನ ಬೇಡ ಎಂಬ ಸಲಹೆ ಎಷ್ಟೋ ಸಲ ಮುಜುಗರದಲ್ಲೇ ಉಳಿದುಬಿಡುತ್ತದೆ. ಆದರೆ ಅದಕ್ಕೆ ಗಟ್ಟಿ ಕಾರಣವಿದೆ. ಪಿಎಸ್‌ಎ ಎಂಬುದು ವೀರ್ಯವನ್ನು ತೆಳುವಾಗಿಸಲು ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಪ್ರೋಟೀನು. ಅದರ ಅತ್ಯಲ್ಪ ಪಾಲು ಮಾತ್ರ ರಕ್ತಕ್ಕೆ ಸೋರುತ್ತದೆ. ಸ್ಖಲನದ ನಂತರ ಅದು ತುಸು ಹೆಚ್ಚಬಹುದು. 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 49ರಿಂದ 79 ವರ್ಷದ 64 ಗಂಡಸರ ಪೈಕಿ ಹೆಚ್ಚಿನವರಲ್ಲಿ ಸ್ಖಲನವಾದ ಒಂದು ಗಂಟೆಗೆ ಪಿಎಸ್‌ಎ ಏರಿತ್ತು. ಎರಡು ದಿನದೊಳಗೆ ಬಹುತೇಕ ಎಲ್ಲರಲ್ಲೂ ಇಳಿದಿತ್ತು.

ಬೇರೆ ಕೆಲವು ಅಧ್ಯಯನಗಳಲ್ಲಿ ಇಂಥ ಏರಿಕೆ ಕಂಡಿಲ್ಲ, ಕಂಡರೂ ಅಲ್ಪ; ಇದಕ್ಕೇಕೆ ತಲೆಕೆಡಿಸಿಕೊಳ್ಳಬೇಕು ಎಂದು ಕೇಳಬಹುದು. ಪಿಎಸ್‌ಎ ಮಿಲಿಲೀಟರಿಗೆ 1 ನ್ಯಾನೋಗ್ರಾಂ ಇದ್ದವರಿಗೆ ಅದರಿಂದ ಏನೂ ಆಗದು, ನಿಜ. ಆದರೆ 3.7 ಇದ್ದವರಲ್ಲಿ 0.5ರಷ್ಟು ಏರಿದರೂ ವರದಿ ರೂಢಿಯ 4ರ ಗಡಿ ದಾಟುತ್ತದೆ. ಆಮೇಲೆ ಆತಂಕ, ಸ್ಕ್ಯಾನು, ಬೇಡದ ಬಯಾಪ್ಸಿಯೂ ಬೆನ್ನುಹತ್ತಬಹುದು. ಎರಡು ದಿನದ ಬಿಡುವಿಗೆ ಖರ್ಚೇನೂ ಇಲ್ಲ. ಹಾಗೆಂದು ಹೆಚ್ಚು ಬಂದ ಅಂಕಿಯನ್ನೆಲ್ಲ ಲೈಂಗಿಕತೆಯ ತಲೆಗೆ ಕಟ್ಟಿ ಸುಮ್ಮನಾಗುವುದೂ ಅಪಾಯವೇ. ಗ್ರಂಥಿಯ ಊತ, ಮೂತ್ರದ ಸೋಂಕು, ಕ್ಯಾನ್ಸರ್ ಇವೂ ಪಿಎಸ್‌ಎ ಏರಿಸುತ್ತವೆ. ಸಂಶಯವಿದ್ದರೆ ವೈದ್ಯರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ಅವರು ಸೂಚಿಸಿದಾಗ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುವುದೇ ಜಾಣತನ.